ಮೊದಲ ಬುಟ್ಟಿ ಮಣ್ಣು

ಕೊಪ್ಪಳದ ಕೋಟೆಯ ಕೆಳಗಿನ ಓಣಿಯಲ್ಲಿ ಪಕ್ಕೀರವ್ವನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಹುಟ್ಟಿದಾಗ ಕೂಸು ಉಳಿಯುವುದು ಕಷ್ಟವೆಂದು ತಾಯಿ ದರ್ಗಾದ ಫಕೀರನೊಬ್ಬನ ಉಡಿಯಲ್ಲಿ ಹಾಕಿ, ಅವನ ಹೆಸರನ್ನೇ ಇಟ್ಟು ಮಗಳನ್ನು ಕರೆದುಕೊಂಡು ಬಂದಿದ್ದಳಂತೆ. ಫಕೀರನ ಹೆಸರೇನೋ ಮನೆಗೆ ಬಂತು, ಅವನ ಶಾಂತಿ ಮಾತ್ರ ದರ್ಗಾದಲ್ಲೇ ಉಳಿಯಿತು ಎಂದು ಓಣಿಯವರು ನಗುತ್ತಿದ್ದರು. ಅದೂ ಅವಳು ಸಂತೆಗೆ ಹೋದ ಹೊತ್ತು ನೋಡಿ.

ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿ ಮಾರುವುದು ಅವಳ ಕಸುಬು. ಒನಕೆ ಹಿಡಿದ ತೋಳು ಗಂಡಸರ ತೋಳಿನಷ್ಟೇ ಗಟ್ಟಿ. ಗಂಡ ಹುಚ್ಚೀರಪ್ಪ ಗೌಂಡಿಯಾಗಿದ್ದವನು ಬೇಗ ತೀರಿಕೊಂಡ, ಮಕ್ಕಳಾಗಿರಲಿಲ್ಲ. ಅವನು ಬಿಟ್ಟು ಹೋದದ್ದು ಅಂದರೆ ತಾನೇ ಕಲ್ಲು ಹೊತ್ತು ಕಟ್ಟಿದ ಒಂದು ಮಾಳಿಗೆ ಮನೆ. ಹಿಂದಿನ ಅರ್ಧದಲ್ಲಿ ಅವಳು ಇರುತ್ತಿದ್ದಳು, ಮುಂದಿನ ಅರ್ಧ ಬಾಡಿಗೆಗೆ. ಆ ಬಾಡಿಗೆ, ಆ ಒನಕೆ ಎರಡೂ ಸೇರಿ ಅವಳ ಹೊಟ್ಟೆ ನಡೆಯುತ್ತಿತ್ತು. ಮನೆ ಹೋಯಿತೋ, ಪಕ್ಕೀರವ್ವ ಇನ್ನೊಬ್ಬರ ಅಂಗಳದಲ್ಲಿ ಕುಟ್ಟುವ ಕೂಲಿಯವಳು, ಅಷ್ಟೇ.

ಇನ್ನು ಆ ಮನೆಗೆ ಕಾಗದ ಎಂಬುದು ಇರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಯಲಬುರ್ಗಾದ ಹೊಲ ತಮ್ಮ ಅಂದಪ್ಪನಿಗೆ, ಕೊಪ್ಪಳದ ಹಾಳುಗೋಡೆಯ ಜಾಗ ಅಣ್ಣ ಹುಚ್ಚೀರಪ್ಪನಿಗೆ ಎಂದು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆಗಿತ್ತು. ಆ ಹಿರಿಯರೆಲ್ಲ ಒಬ್ಬೊಬ್ಬರಾಗಿ ಮಣ್ಣಾಗಿದ್ದರು. ನಿಜಾಮರ ಕಚೇರಿಯಲ್ಲಿ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ ಅದು. ಅಲ್ಲಿಗೆ ಹೋಗಿ ಇಲ್ಲದ ಕಾಗದ ಕೇಳಿಸಿಕೊಂಡು ಬರುವುದು ಯಾರಿಗೆ ಬೇಕಾಗಿತ್ತು! ಓಣಿಯ ಜನ ತಮ್ಮ ತಮ್ಮ ಮನೆಗಳ ಸಾಕ್ಷಿಯನ್ನು ಮಾಳಿಗೆಯ ಮೇಲೆಯೇ ಇಟ್ಟುಕೊಂಡಿದ್ದರು.

ಅದು ಹೀಗೆ. ಮಾಳಿಗೆ ಅಂದರೆ ಜಂತಿಯ ಮೇಲೆ ತಟ್ಟಿದ ಮಣ್ಣು. ಬೇಸಗೆಯಲ್ಲಿ ಅದು ಬಿರುಕು ಬಿಡುತ್ತದೆ. ಮೃಗಶಿರೆಯ, ಅಂದರೆ ಮಿರಗದ ಮಳೆ ಬೀಳುವ ಮುಂಚೆ ಹಳ್ಳದ ದಂಡೆಯ ಸವಳು ಮಣ್ಣು ತಂದು ಮೇಲೆ ಹರವಿ, ನೀರು ಚಿಮುಕಿಸಿ, ತುಳಿದು ಬಡಿಯಬೇಕು. ಆ ಮಣ್ಣು ಹೊಸದಾಗಿ ಕುಳಿತರೆ ಹನಿ ನೀರು ಒಳಗೆ ಇಳಿಯದು. ಈ ಕೆಲಸದಲ್ಲಿ ಆ ಓಣಿಯದೊಂದು ಕಟ್ಟಳೆ ಇತ್ತು. ಮೊದಲ ಬುಟ್ಟಿ ಮಣ್ಣನ್ನು ಮನೆಯ ಮಾಲೀಕರೇ ಹೊತ್ತು, ನಾಲ್ಕು ಜನ ನೋಡುವಂತೆ ಸುರಿಯಬೇಕು. ಆಮೇಲೆ ತುಳಿಯುವುದು ಬಾಡಿಗೆಯವರ ಪಾಲು. ಯಾರ ಮನೆ ಎಂಬ ತಕರಾರು ಬಂದರೆ ಹಿರಿಯರು ಕೇಳುತ್ತಿದ್ದ ಮೊದಲ ಮಾತು, ಮಾಳಿಗೆಗೆ ಮಣ್ಣು ಹಾಕಿದವರು ಯಾರು ಎಂದೇ.

ಗಂಡ ಸತ್ತ ವರ್ಷವೇ ಪಕ್ಕೀರವ್ವ ಕಚ್ಚೆ ಹಾಕಿ ಬುಟ್ಟಿ ಹೊತ್ತು ನಿಚ್ಚಣಿಕೆ ಏರಿದ್ದಳು. ಹೆಣ್ಣುಮಗಳು ಮಾಳಿಗೆ ಏರಿ ಮಣ್ಣು ಸುರಿಯುವುದೆಂದರೇನು ಎಂದು ಮುಸಿಮುಸಿ ನಕ್ಕವರ ಮೇಲೆ ಉಳಿದ ಮಣ್ಣನ್ನು ಝಾಡಿಸಿ ಇಳಿದಳು. ಮರುವರ್ಷ ಯಾರೂ ನಗಲಿಲ್ಲ. ಯಲಬುರ್ಗಾದ ಅಂದಪ್ಪ ಇಷ್ಟು ವರ್ಷದಲ್ಲಿ ಒಂದು ಬೊಗಸೆ ಮಣ್ಣೂ ಕಳಿಸಿದವನಲ್ಲ. ಆದರೆ ಅತ್ತಿಗೆಗೆ ವಯಸ್ಸಾಗುತ್ತಾ ಬಂದಂತೆ ಅವನ ಕಣ್ಣು ಮಾತ್ರ ಆ ಮನೆಯ ಮೇಲೆ ಬಂದು ಬಂದು ಹೋಗುತ್ತಿತ್ತು.

ಯುದ್ಧ ಶುರುವಾಗಿ, ಮೋಟಾರುಗಳು ಇದ್ದಿಲ ಹೊಗೆ ಕಾರುತ್ತಾ ಓಡುತ್ತಿದ್ದ ದಿನಗಳಲ್ಲಿ ಮುಂದಿನ ಅರ್ಧಕ್ಕೆ ದಾದೇಸಾಬ ಬಾಡಿಗೆ ಬಂದ. ಪಿಂಜಾರರವನು, ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕೆಲಸ. ಮಾತು ಕಡಿಮೆ. ಹೆಂಡತಿ ಹಮೀದಾಬಿಯದು ಅವನಿಗಿಂತ ಕಡಿಮೆ. ಪಕ್ಕೀರವ್ವ ಹೊಸಿಲಲ್ಲೇ ನಿಲ್ಲಿಸಿ ತನ್ನ ಕಾಯಿದೆಗಳನ್ನು ಒಪ್ಪಿಸಿದಳು. ಗೋಡೆಗೆ ಒಂದು ಗೂಟ ಬಡಿಯಬೇಕಾದರೂ ಕೇಳಬೇಕು. ಒಲೆಯ ಜಾಗ ಬದಲಿಸಬಾರದು. ತಾನು ಮೊದಲ ಬುಟ್ಟಿ ಸುರಿಯುವ ತನಕ ಮಾಳಿಗೆಯ ಮೇಲೆ ಕಾಲಿಡಬಾರದು. ದಾದೇಸಾಬ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ತನ್ನದೂ ಒಂದು ಮಾತು ಇಟ್ಟ.

"ನೀವು ಹೇಳ್ದಂಗ ಇರ್ತೀವ್ರಿ ಅಕ್ಕಾರ. ಖರೆ ಮಾಳಿಗಿ ಸೋರಬಾರದ್ರಿ. ನಂದು ಹತ್ತಿ ಕೆಲಸ."

"ನನ್ನ ಮಾಳಿಗಿ ಸೋರಿದ ದಿನ ನೀ ನನಗ ಬಾಡಿಗಿ ಕೊಡಬ್ಯಾಡ, ತಗೋ," ಎಂದಳು ಪಕ್ಕೀರವ್ವ. ಅವಳಿಗೆ ತನ್ನ ಮಾಳಿಗೆಯ ಮೇಲೆ ಅಷ್ಟು ಹಮ್ಮು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಹಿಂದೆ ಒನಕೆಯ ಸದ್ದು, ಮುಂದೆ ಹತ್ತಿ ಹಿಂಜುವ ಕಮಾನಿನ ಸದ್ದು. ಹಿಂಡಿಗೆ ಹತ್ತಿಯ ಎಳೆ ಬಂದು ಬೀಳುತ್ತದೆಂದು ಅವಳು ಬೈಯುವುದು, ಗಾದಿಗೆ ಮೆಣಸಿನ ಘಾಟು ಹತ್ತುತ್ತದೆಂದು ಅವನು ಸೀನುವುದು. ಪ್ರತಿ ವರ್ಷ ಮಿರಗಕ್ಕೆ ಮುಂಚೆ ಅವಳು ಬುಟ್ಟಿ ಸುರಿಯುತ್ತಿದ್ದಳು, ಅವನು ತುಳಿಯುತ್ತಿದ್ದ. ಅದು ಮುಗಿದ ದಿನ ಅವಳು ಒಂದು ಬಟ್ಟಲು ಶೇಂಗಾ ಹಿಂಡಿಯನ್ನು ಹಮೀದಾಬಿಯ ಕೈಗೆ ಕೊಡುವುದು ರೂಢಿಯಾಗಿತ್ತು.

ಒಂದು ವರ್ಷ ಬೇಸಗೆಯ ಕೊನೆಗೆ ಮರಳಿ ಎಂಬ ಊರಿನಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ತಂಗಿ ಹೊಳಿಯಮ್ಮ ಚಳಿಜ್ವರದಲ್ಲಿ ಮಲಗಿದ್ದಳು. ಆ ಕಡೆ ಕಾಲುವೆ ನೀರಿನ ಗದ್ದೆಸೀಮೆ. ಸೊಳ್ಳೆಗೂ ಜ್ವರಕ್ಕೂ ಬರವಿಲ್ಲ. ಸವಳು ಮಣ್ಣನ್ನು ಅಂಗಳಕ್ಕೆ ತರಿಸಿ ಗುಡ್ಡೆ ಹಾಕಿಸಿ, ಬಂದ ಮೇಲೆ ಹಾಕಿದರಾಯಿತು ಎಂದು ಪಕ್ಕೀರವ್ವ ಹೊರಟಳು. ತಂಗಿ ಎದ್ದು ಕೂತಳು, ಅಕ್ಕ ಬಿದ್ದುಕೊಂಡಳು. ಜ್ವರ ಬಿಟ್ಟು ಬಂಡಿಯಲ್ಲಿ ಕೂತು ಕೊಪ್ಪಳಕ್ಕೆ ಬರುವಷ್ಟರಲ್ಲಿ ಮಿರಗಕ್ಕೂ ಮುಂಚಿನ ರೋಹಿಣಿ ಮಳೆಯೇ ಒಂದು ಸಲ ಧೋ ಎಂದು ಹೊಡೆದು ಹೋಗಿತ್ತು.

ಮನೆ ಒಣಗಿಯೇ ಇತ್ತು. ಅಂಗಳದ ಮಣ್ಣಿನ ಗುಡ್ಡೆ ಇರಲಿಲ್ಲ. ದಾದೇಸಾಬ ಗಾದಿ ಒಪ್ಪಿಸಲು ಪಕ್ಕದ ಊರಿಗೆ ಹೋಗಿದ್ದ. ಏನಾಯಿತೆಂದು ಹಮೀದಾಬಿಯನ್ನು ಕೇಳಿದ್ದರೆ ಎರಡು ಮಾತಿನಲ್ಲಿ ತಿಳಿಯುತ್ತಿತ್ತು. ಆದರೆ ಅವಳಿಗಿಂತ ಮೊದಲು ಎದುರು ಮನೆಯ ಮುದುಕಮ್ಮ ಬಾಗಿಲಿಗೆ ಬಂದಳು. ಬೆಂಕಿ ಹಚ್ಚಿ ಚಳಿ ಕಾಯಿಸಿಕೊಳ್ಳುವ ಹೆಂಗಸು ಅದು. ಜ್ವರ ಹೆಂಗದ ಎಂದು ಕೇಳುವ ಬದಲು, ಸೆರಗು ಬಾಯಿಗೆ ಅಡ್ಡ ಹಿಡಿದು ಬೇರೆಯದನ್ನೇ ಕೇಳಿದಳು.

"ಮಾಳಿಗಿ ಮ್ಯಾಲೆ ಯಾರ ಮಣ್ಣೈತಿ, ನೋಡೀಯೇನವಾ?"

ಉಳಿದದ್ದನ್ನೂ ಮುದುಕಮ್ಮನೇ ಪಕ್ಕೀರವ್ವನ ಕಿವಿಗೆ ಹಾಕಿದಳು. ಬಾಡಿಗೆಯವನು ತಾನೇ ಮಾಳಿಗೆ ಏರಿ, ತಾನೇ ಮೊದಲ ಬುಟ್ಟಿ ಸುರಿದು, ತಾನೇ ತುಳಿದಿದ್ದ. ಓಣಿಯೆಲ್ಲ ನೋಡಿತ್ತು. ಇಷ್ಟು ವರ್ಷ ಹೊತ್ತ ಬುಟ್ಟಿಗಳೆಲ್ಲ ಒಂದೇ ಸಲಕ್ಕೆ ನೀರು ಪಾಲಾದವು ಎಂದೇ ಅವಳಿಗೆ ಅನ್ನಿಸಿತು. ಅವನು ಬರಲಿ, ಕೇಳೋಣ ಎಂಬ ತಾಳ್ಮೆ ಅವಳ ಜಾತಕದಲ್ಲೇ ಇರಲಿಲ್ಲ. ಇನ್ನೂ ತೂರಾಡುವ ಕಾಲಲ್ಲಿ ಸಲಿಕೆ ಹಿಡಿದು ನಿಚ್ಚಣಿಕೆ ಏರಿದಳು. ಏರಿ, ಅಚ್ಚುಕಟ್ಟಾಗಿ ಕುಳಿತಿದ್ದ ಆ ಹೊಸ ಮಣ್ಣನ್ನು ಕೆರೆದು ಕೆರೆದು ಬೀದಿಗೆ ಚೆಲ್ಲತೊಡಗಿದಳು. ಮಳೆಗಾಲದ ಬಾಯಲ್ಲಿ ತನ್ನ ಮನೆಯ ಮೈ ತಾನೇ ಸುಲಿಯುವವಳನ್ನು ಯಾರಾದರೂ ಕಂಡಿದ್ದಾರೆಯೆ? ಕೆಳಗೆ ಜನ ನಿಂತು ನೋಡಿದರು. ಅಷ್ಟರಲ್ಲಿ ದಾದೇಸಾಬನೂ ಬಂದ. ಅವನೂ ನಿಂತ, ಮೇಲೆ ನೋಡಿದ, ಏನೂ ಅನ್ನದೆ ಒಳಗೆ ಹೋದ. ಕಳ್ಳನ ಬಾಯಿಗೆ ಮಾತೆಲ್ಲಿಂದ ಬರಬೇಕು ಎಂದುಕೊಂಡು ಅವಳು ಇನ್ನಷ್ಟು ಜೋರಾಗಿ ಕೆರೆದಳು.

ಬೀದಿಯ ಕಡೆಯಿಂದ ಶುರು ಮಾಡಿದ್ದರಿಂದ ಮುಂದಿನ ಅರ್ಧ ಮುಗಿಯುವ ಹೊತ್ತಿಗೆ ಅವಳ ತ್ರಾಣ ಮುಗಿಯಿತು. ಹಿಂದಿನದನ್ನು ನಾಳೆ ಕೆರೆದರಾಯಿತೆಂದು ಇಳಿದಳು. ಸಂಜೆಗೇ ಮಿರಗ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಮುಂದಿನ ಅರ್ಧ ಜರಡಿಯಾಯಿತು. ಕುಷ್ಟಗಿಯ ಕಡೆಯ ಯಾರದೋ ಮದುವೆಗೆಂದು ಹಿಂಜಿಟ್ಟಿದ್ದ ಹತ್ತಿಯೆಲ್ಲ ಕೆಂಪು ನೀರು ಕುಡಿದು ಮುದ್ದೆಯಾಗಿ ಬಿತ್ತು. ಹಿಂದಿನ ಅರ್ಧದಲ್ಲಿ, ಕೆರೆಯದೇ ಉಳಿದ ಪಿಂಜಾರನ ಮಣ್ಣಿನ ಕೆಳಗೆ, ಪಕ್ಕೀರವ್ವನ ಹಿಂಡಿಯ ಡಬ್ಬಿಗಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಬೆಳಿಗ್ಗೆ ಹಮೀದಾಬಿ ಆ ಒದ್ದೆ ನೆಲವನ್ನೇ ಸಾರಿಸಿದಳು. ಮನೆ ಬಿಡುವವರು ನೆಲ ಸಾರಿಸಿ ಕೊಡಬೇಕೆಂಬುದು ಪದ್ಧತಿ. ದಾದೇಸಾಬ ಕಮಾನು ಹೆಗಲಿಗೆ ಹಾಕಿಕೊಂಡು ಬಂದು, "ಗೂಟ ಒಂದೂ ಬಡಿದಿಲ್ರಿ, ಒಲಿ ಇದ್ದಲ್ಲೇ ಐತಿ. ಮನಿ ನೋಡ್ಕೊಳ್ರಿ ಅಕ್ಕಾರ," ಎಂದ. ಬೈಗುಳವಿರಲಿ, ಒಂದು ಗಡಸು ಮಾತು ಕೂಡ ಇಲ್ಲ. ಪಕ್ಕೀರವ್ವ ಜಗಳಕ್ಕೆ ಅಣಿಯಾಗಿ ಸೆರಗು ಸಿಕ್ಕಿಸಿಕೊಂಡು ಬಂದವಳು ಅದನ್ನು ಬಿಡಿಸಿಕೊಂಡಳು. ಅವರು ಕುಷ್ಟಗಿಯಲ್ಲಿದ್ದ ಹಮೀದಾಬಿಯ ತವರಿಗೆ ಹೋದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಖಾಲಿ ಪಡಸಾಲೆಯಲ್ಲಿ ನಿಂತು ಜಂತಿಯಿಂದ ಇಳಿಯುವ ನೀರು ನೋಡುವಾಗ ಅವಳಿಗೆ ಮೊದಲ ಸಲ ಒಂದು ಯೋಚನೆ ಬಂತು. ಬಾಡಿಗೆ ತೆಗೆದುಕೊಳ್ಳುವುದು ತನ್ನ ಹಕ್ಕು, ಸರಿ. ಮಣ್ಣು ಹಾಕುವುದೂ ಹಕ್ಕು ಎಂದೇ ಇಷ್ಟು ವರ್ಷ ಬುಟ್ಟಿ ಹೊತ್ತಳು. ಆದರೆ ಅವನು ಬಾಡಿಗೆ ಕೊಟ್ಟದ್ದು ಏತಕ್ಕೆ? ಸೋರದಿರಲೆಂದೇ ಅಲ್ಲವೇ? ಹಾಗಾದರೆ ಆ ಬುಟ್ಟಿ ತಾನು ಅವನಿಗೆ ತೀರಿಸಬೇಕಾಗಿದ್ದ ಬಾಕಿ. ತಾನು ಊರಲ್ಲಿಲ್ಲದಾಗ ತನ್ನ ಕೆಲಸವನ್ನು ಅವನು ಮಾಡಿದ್ದ. ಅದಕ್ಕೆ ತಾನು ಕೊಟ್ಟದ್ದು ಇದು. ಅವಳಿಗೆ ನಾಚಿಕೆಯಾಯಿತು. ಆದರೂ ಒಳಗಿನ ಹುಳು ಸುಮ್ಮನಿರಲಿಲ್ಲ: ಹಾಗಿದ್ದರೂ ನಾಲ್ಕು ಜನರ ಮುಂದೆ ಏಕೆ ಏರಿದ ಎಂದು ಕೊರೆಯುತ್ತಲೇ ಇತ್ತು.

ಆ ಹುಳಕ್ಕೆ ಅಂದಪ್ಪ ನೀರೆರೆದ. ಸುದ್ದಿ ಯಲಬುರ್ಗಾ ಮುಟ್ಟಲು ತಡವಾಗಲಿಲ್ಲ. ಹೊಸ ರುಮಾಲು ಸುತ್ತಿ ಬಂದವನೇ ಓಣಿಯ ಹಿರಿಯರನ್ನು ಕೂಡಿಸಬೇಕೆಂದ. ಅವನ ವಾದ ಕೇಳಲು ನೇರವಾಗಿತ್ತು. ಈ ವರ್ಷ ಮಾಳಿಗೆಯ ಮುಂದಿನ ಅರ್ಧಕ್ಕೆ ಯಾರ ಮಣ್ಣೂ ಇಲ್ಲ, ಹಿಂದಿನ ಅರ್ಧಕ್ಕೆ ಪಿಂಜಾರನ ಮಣ್ಣು. ಅತ್ತಿಗೆ ಮನೆ ಬಿಟ್ಟು ಹೋದಳು, ಮನೆ ನೋಡಿಕೊಳ್ಳಲಿಲ್ಲ. ಮನೆತನದ ಆಸ್ತಿ ಮನೆತನಕ್ಕೆ ಬರಲಿ. ಅತ್ತಿಗೆಗೆ ಹಿಂದೆ ಒಂದು ಮೂಲೆ ಬಿಟ್ಟುಕೊಡೋಣ, ಎರಡು ರೊಟ್ಟಿ ಹಾಕೋಣ. ರೊಟ್ಟಿ ಹಾಕುತ್ತಾನಂತೆ, ಮಹರಾಯ! ಆದರೆ ಹಿರಿಯರಲ್ಲಿ ಮುಖ್ಯನಾದ ಹುಲಿಗೆಪ್ಪ ನಗಲಿಲ್ಲ. ಮಣ್ಣು ಹಾಕಿದವನನ್ನು ಕರೆಸಿ ಕೇಳದೆ ತೀರ್ಪು ಇಲ್ಲ ಎಂದ.

ಪಕ್ಕೀರವ್ವ ಹೊಗೆ ಮೋಟಾರು ಹತ್ತಿ ಕುಷ್ಟಗಿಗೆ ಹೋದಳು. ಬಾಯಿಯ ಬಲದಲ್ಲೇ ಬದುಕಿದ್ದವಳು ದಾರಿಯುದ್ದಕ್ಕೂ ಏನು ಹೇಳಲಿ ಎಂದು ಹುಡುಕಿದಳು. ಹಮೀದಾಬಿ ನೀರು ಕೊಟ್ಟು, ಅಂದಪ್ಪ ಈ ಮೊದಲೇ ಬಂದು ಹೋದನೆಂದಳು. ಮಣ್ಣು ಹಾಕಿದ್ದು ಅಂದಪ್ಪನ ಮಾತಿನ ಮೇಲೆ ಎಂದು ಹೇಳಿದರೆ ಸಾಕು, ಮುಂದಿನ ಅರ್ಧದಲ್ಲಿ ಬಾಡಿಗೆಯಿಲ್ಲದೆ ಇರಬಹುದು ಎಂದಿದ್ದನಂತೆ. ಪಕ್ಕೀರವ್ವ ನೀರು ಕುಡಿಯದೆ ಕೆಳಗಿಟ್ಟಳು. ನನ್ನ ಮಾತಿನ ಮೇಲೆ ಹಾಕಿದೆ ಅಂತ ಹೇಳಪ್ಪಾ ಎಂದು ದಾದೇಸಾಬನನ್ನು ಬೇಡಿಕೊಂಡಳು. ಅವನು ಹತ್ತಿಯ ಬೀಜ ಆರಿಸುತ್ತಿದ್ದವನು ತಲೆ ಎತ್ತಲಿಲ್ಲ.

"ಸುಳ್ಳು ಹೇಳಾಕ ನನಗ ಬರೂದಿಲ್ರಿ ಅಕ್ಕಾರ. ಅವರಿಗೂ ಹಂಗ ಅಂದೀನಿ. ಬಂದು ಆದದ್ದು ಆದಂಗ ಹೇಳ್ತೀನಿ."

ಆದದ್ದು ಆದಂಗ ಅಂದರೆ ಏನು? ಕೇಳದೆ ಏರಿದ, ಕೇಳದೆ ಸುರಿದ. ಅದನ್ನು ಹೇಳಿದರೆ ತನ್ನ ಮನೆ ಹೋದಂತೆಯೇ. ಹಿಂದಿರುಗುವ ಮೋಟಾರಿನಲ್ಲಿ ಅವಳು ಮನೆಯ ಒಂದೊಂದು ಕಲ್ಲನ್ನೂ ನೆನೆದು ಅತ್ತಳು. ಅಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಹುಲಿಗೆಪ್ಪ ಹಳೆಯ ಪ್ರಶ್ನೆಯನ್ನೇ ಕೇಳಿದ: ಈ ವರ್ಷ ಮಾಳಿಗೆಗೆ ಮಣ್ಣು ಹಾಕಿದವರು ಯಾರು?

"ನಾನ ಹಾಕೀನ್ರಿ," ಎಂದ ದಾದೇಸಾಬ.

"ಆಕಿ ಹಾಕಂದಿದ್ಳೇನು?"

"ಇಲ್ರಿ. ಆಕಿ ಊರಾಗ ಇದ್ದಿಲ್ಲ. ಮ್ಯಾಲೆ ಮಳಿ, ಒಳಗ ಹತ್ತಿ, ಅಂಗಳದಾಗ ಮಣ್ಣಿತ್ತು. ಹಾಕಿದೆ."

ಅಂದಪ್ಪ ರುಮಾಲು ಸರಿಮಾಡಿಕೊಂಡು ಮೀಸೆಯಲ್ಲೇ ನಕ್ಕ. ಪಕ್ಕೀರವ್ವ ನೆಲ ನೋಡಿದಳು. ದಾದೇಸಾಬ ಹೋಗಲಿಲ್ಲ, ಅಲ್ಲಿಯೇ ನಿಂತಿದ್ದ. ಇನ್ನೊಂದು ಮಾತಿದೆ, ಹೇಳಲೇ ಎಂದು ಕೇಳಿದ. ಹುಲಿಗೆಪ್ಪ ಕೈಸನ್ನೆ ಮಾಡಿದ.

"ಮಣ್ಣು ಯಾರರ ಹಾಕ್ತಾರ್ರಿ. ಸೋರೂದ ಕಂಡ್ರ ದಾರೀಲೆ ಹೋಗಾವನೂ ಒಂದು ಬುಟ್ಟಿ ಹಾಕ್ಯಾನು. ಹಾಕಿದ್ದನ್ನ ಕೆರೆದು ಬೀದಿಗೆ ಚೆಲ್ಲಬೇಕಂದ್ರ ಆ ಮನಿ ತನ್ನದ ಆಗಿರಬೇಕು. ಈ ಅಕ್ಕಾರು ನನ್ನ ಮಣ್ಣು ಕೆರಿಯಾಕತ್ತಾಗ ನಾ ಕೆಳಗ ನಿಂತು ನೋಡೀನಿ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಮಾಲಕ್ರಿಗೆ ಏನಂತ ಹೇಳ್ಲಿ? ನನ್ನ ಹತ್ತಿ ಎಲ್ಲಾ ತೊಯ್ದು ಹೋತು, ಮನಿ ಬಿಟ್ಟು ಹೋದೆ. ಅದ ಅಂದಪ್ಪಾರು ಮ್ಯಾಲೆ ಏರಿ ಕೆರದಿದ್ರ, ನಿಚ್ಚಣಿಕಿ ಎಳೆದು ಒಗೀತಿದ್ದೆ."

ಮೊದಲು ಒಬ್ಬ ನಕ್ಕ, ಆಮೇಲೆ ಕಟ್ಟೆಯೇ ನಕ್ಕಿತು. ಹುಲಿಗೆಪ್ಪ ಮಾತ್ರ ನಗದೆ ಸುತ್ತ ನೋಡಿ, ಅವಳು ಕೆರೆಯುವಾಗ ಈ ಓಣಿಯವರು ಯಾರಾದರೂ ತಡೆದಿರಾ ಎಂದು ಕೇಳಿದ. ಯಾರೂ ತಡೆದಿರಲಿಲ್ಲ. ತಡೆಯಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ. ಅವಳ ಮನೆ, ಅವಳ ಹುಚ್ಚು ಎಂದು ನೋಡುತ್ತಾ ನಿಂತಿದ್ದರು. ಮುದುಕಮ್ಮ ಕೂಡ. ಮನೆ ಪಕ್ಕೀರವ್ವನದು, ಇನ್ನು ಅಂದಪ್ಪ ಈ ಮಾತು ಎತ್ತಕೂಡದು ಎಂದು ಹಿರಿಯರು ಹೇಳಿ ಎದ್ದರು. ಅಂದಪ್ಪ ಊಟಕ್ಕೂ ನಿಲ್ಲದೆ ಯಲಬುರ್ಗಾದ ದಾರಿ ಹಿಡಿದ.

ಮನೆ ಉಳಿಯಿತು. ಆದರೆ ಪಕ್ಕೀರವ್ವನಿಗೆ ಅದು ಗೆಲುವೆನಿಸಲಿಲ್ಲ. ತಾನು ಮಾಡಿದ ಅನ್ಯಾಯವನ್ನೇ ಅವನು ತನಗೆ ಸಾಕ್ಷಿಯಾಗಿ ಕೊಟ್ಟಿದ್ದ. ಅದಕ್ಕಿಂತ ನಾಲ್ಕು ಜನರ ಮುಂದೆ ಬೈದಿದ್ದರೆ, ಉಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅವನ ಹತ್ತಿರ ಹೋದಳು. ಬದುಕಿನಲ್ಲಿ ಯಾರಿಗೂ ಅನ್ನದ ಮಾತು ಅವಳ ಬಾಯಿಂದ ಬಂತು.

"ತಪ್ಪಾತಪಾ ದಾದೇಸಾಬ. ನಿನ್ನ ಹತ್ತಿ ನಾ ತುಂಬಿ ಕೊಡ್ತೀನಿ. ಮನಿಗೆ ಬಾ."

"ಮೊದ್ಲು ಮಾಳಿಗಿ ಆಗ್ಲಿ, ಅಕ್ಕಾರ," ಎಂದ ದಾದೇಸಾಬ. "ನನಗ ನಿಮ್ಮ ಮನಿ ಬ್ಯಾಡ್ರಿ. ಸೋರಲಾರದ ಮಾಳಿಗಿ ಬೇಕು."

ಮಳೆಗಾಲದ ನಡುವೆ ಒಣ ಸವಳು ಮಣ್ಣು ಸಿಗುವುದು ಸುಲಭವಲ್ಲ. ಬಿಸಿಲು ಬಿದ್ದ ದಿನವೆಲ್ಲ ಅವಳು ಹಳ್ಳದ ದಂಡೆಗೆ ನಡೆದು, ಹಸಿ ಮಣ್ಣು ಹೊತ್ತು ತಂದು, ತನ್ನ ಕೋಣೆಯಲ್ಲಿ ಹರವಿ ಒಣಗಿಸಿದಳು. ಅಷ್ಟು ದಿನವೂ ಒನಕೆ ಮೂಲೆಯಲ್ಲೇ ನಿಂತಿತ್ತು. ಮೋಡ ಸರಿದ ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ನಿಚ್ಚಣಿಕೆ ಏರಿ ಮುಂದಿನ ಅರ್ಧಕ್ಕೆ ಸುರಿದಳು. ನಾಲ್ಕು ಜನ ನೋಡುತ್ತಿದ್ದಾರೋ ಇಲ್ಲವೋ ಎಂದು ಈ ಸಲ ತಿರುಗಿ ನೋಡಲಿಲ್ಲ. ಹಿಂದಿನ ಅರ್ಧದಲ್ಲಿದ್ದ ದಾದೇಸಾಬನ ಮಣ್ಣನ್ನು ಮುಟ್ಟಲಿಲ್ಲ.

ತುಳಿಯುವವರಿರಲಿಲ್ಲ. ತಾನೇ ತುಳಿಯೋಣವೆಂದು ನೀರು ಚಿಮುಕಿಸುವಾಗ ಕೆಳಗೆ ಬಂಡಿ ನಿಂತ ಸದ್ದಾಯಿತು. ಸುದ್ದಿ ಕುಷ್ಟಗಿಗೆ ಯಾರು ಮುಟ್ಟಿಸಿದರೋ, ಇವಳಂತೂ ಹೇಳಿ ಕಳಿಸಿರಲಿಲ್ಲ. ದಾದೇಸಾಬ ಕಮಾನನ್ನು ಗೋಡೆಗೆ ಆನಿಸಿ, ಕಾಲು ತೊಳೆದುಕೊಂಡು ಮೇಲೆ ಬಂದ. ಬೀದಿಯ ತುದಿಯಿಂದ ತುಳಿಯುತ್ತಾ ಬಂದ. ಅವಳು ಹಿಂದೆ ಹಿಂದೆ ನೀರು ಹಾಕುತ್ತಾ ಹೋದಳು. ಮಧ್ಯಾಹ್ನ ಅವಳು, ಬಂಡಿಯಲ್ಲಿ ಜೊತೆಗೇ ಬಂದಿದ್ದ ಹಮೀದಾಬಿಯ ಕೈಗೆ ಹಿಂಡಿಯ ಬಟ್ಟಲು ಕೊಟ್ಟಳು.

ಎದುರು ಮನೆಯ ಮುದುಕಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ನೋಡಿ ಸುಮ್ಮನಿದ್ದರೆ ಅವಳು ಮುದುಕಮ್ಮ ಹೇಗಾದಾಳು? ಹಾಗಾದರೆ ಈಗ ಮಾಳಿಗೆ ಮೇಲೆ ಯಾರ ಮಣ್ಣೈತವಾ ಎಂದು ಮತ್ತೆ ಕೇಳಿದಳು.

ಪಕ್ಕೀರವ್ವ ಬೈಯಲಿಲ್ಲ. ಕೈಗೆ ಹತ್ತಿದ ಮಣ್ಣನ್ನು ಉಜ್ಜಿಕೊಳ್ಳುತ್ತಾ ಹೇಳಿದಳು: "ಅವನ ತಲಿ ಮ್ಯಾಲೆ ನಂದೈತಿ. ನನ್ನ ತಲಿ ಮ್ಯಾಲೆ ಅವಂದೈತಿ."